ಅಲಮಾರಿಯೊಳಗೆ ಮೊಳೆತ ಜೋಳ

ಮಸ್ಕಿಯ ನಮ್ಮ ಶಾಲೆಗೆ ವಿಜ್ಞಾನ ಕಲಿಸಲೆಂದು ಸರಕಾರ ಕೊಟ್ಟ ಸಾಮಾನು ಒಂದು ಕರಿಹಲಗೆ, ಒಂದು ಮರದ ಅಲಮಾರಿ. ಉಳಿದದ್ದನ್ನೆಲ್ಲ ಮಾಸ್ತರರೇ ಹೊಂದಿಸಿಕೊಂಡಿದ್ದರು. ಕಂದೀಲಿನ ಒಡಕು ಗಾಜಿನೊಳಗೆ ಒದ್ದೆ ಬ್ಲಾಟಿಂಗ್ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಕಡಲೆಕಾಳು ಸಿಗಿಸಿ ಕಿಟಕಿಯಲ್ಲಿಡುತ್ತಿದ್ದರು. ಬೇರು ಕೆಳಗೆ ಇಳಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಗಾಜಿಗೆ ಮೂಗು ಹಚ್ಚಿ ನೋಡಲು ನಮ್ಮಲ್ಲಿ ದಿನವೂ ಜಗಳ.

ನಿಜಾಮರ ಆಳಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಮಾಸ್ತರರು ಓದಿದ್ದು ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಶಬ್ದ ಸಿಗದೆ ತಡವರಿಸಿದಾಗಲೆಲ್ಲ ವಸ್ತುವನ್ನೇ ತಂದು ನಮ್ಮ ಮುಂದಿಡುತ್ತಿದ್ದರು. ಅವರಿಗೆ ಕನ್ನಡ ಚೆನ್ನಾಗಿ ಬಂದಿದ್ದರೆ ನಾವು ಬರೀ ಬಾಯಿಪಾಠ ಮಾಡಿಕೊಂಡು ಕೂತಿರುತ್ತಿದ್ದೆವು. ನಾನು ಅವರನ್ನು ದೇವರಂತೆ ನಂಬಿದ್ದೆ.

ಸಿಂಧನೂರಿನಿಂದ ತರಿಸಿದ ಹೊಸ ಪುಸ್ತಕದಲ್ಲಿ, ಬೀಜ ಮೊಳೆಯಲು ನೀರು, ಗಾಳಿ, ಬೆಳಕು ಬೇಕು ಎಂದು ಬರೆದಿತ್ತು. ಬಾಯಿ ಮುಚ್ಚಿಕೊಂಡು ಕೂಡುವ ಜಾತಿ ನನ್ನದಲ್ಲ. ಎದ್ದು ನಿಂತೆ.

"ಬೆಳಕು ಯಾಕ್ರಿ? ನಮ್ಮ ದೇವರ ಖೋಲಿ ಕತ್ತಲ ಐತ್ರಿ. ಅಲ್ಲಿ ಘಟದಾಗ ಜೋಳ ಬರ್ತೈತಲ್ರಿ?"

ಮಹಾನವಮಿಗೆ ನಮ್ಮ ಮನೆಯಲ್ಲಿ ಘಟ ಹಾಕುತ್ತಾರೆ. ಪತ್ರಾವಳಿಯ ಮೇಲೆ ಮಣ್ಣು ಹರಡಿ, ನಡುವೆ ನೀರಿನ ಕೊಡವಿಟ್ಟು, ಸುತ್ತ ಜೋಳ, ಗೋಧಿ ಬಿತ್ತುವುದು. ಬಿತ್ತುವವನು ಅಪ್ಪ. ಹಬ್ಬ ಮುಗಿಯುವ ಹೊತ್ತಿಗೆ ಅರಿಸಿನದ ಬಣ್ಣದ ಸಸಿ ಗೇಣುದ್ದ ಎದ್ದಿರುತ್ತದೆ. ಅದನ್ನು ಹೆಂಗಸರು ತುರುಬಿಗೆ, ಗಂಡಸರು ರುಮಾಲಿಗೆ ಸಿಗಿಸಿಕೊಳ್ಳುತ್ತಾರೆ.

ಮಾಸ್ತರರು ಬೈಯಲಿಲ್ಲ. ಸ್ವಲ್ಪ ಯೋಚಿಸಿ, "ಅಲ್ಲಿ ದೀಪ ಉರೀತಿರ್ತೈತಿ. ಅದೂ ಬೆಳಕ ಅಲ್ಲೇನು? ಪೂರಾ ಕತ್ತಲಾಗ ಇಟ್ಟು ನೋಡೂಣು" ಎಂದರು.

ಎರಡು ಕುಡಿಕೆಗಳಲ್ಲಿ ನನ್ನ ಕೈಯಿಂದಲೇ ಜೋಳ ಹಾಕಿಸಿದರು. ಒಂದು ಕಿಟಕಿಗೆ ಹೋಯಿತು, ಇನ್ನೊಂದು ಅಲಮಾರಿಗೆ. ಕೀಲಿ ಅವರ ಜೇಬಿನಲ್ಲಿ. ಕೆಲವು ದಿನ ಬಿಟ್ಟು ಬಾಗಿಲು ತೆಗೆದಾಗ ಕತ್ತಲಿನ ಕುಡಿಕೆಯಲ್ಲಿ ಸಸಿ ಎದ್ದು ನಿಂತಿತ್ತು. ಬಣ್ಣ ಹಳದಿ, ಎತ್ತರ ಮಾತ್ರ ಕಿಟಕಿಯದಕ್ಕಿಂತ ಹೆಚ್ಚು. ನಾನು ಕುಣಿದುಬಿಟ್ಟೆ. ಮಾಸ್ತರರೂ ನಕ್ಕರು. "ಕಿತಾಬು ಬರದಾವನೂ ಮನಷ್ಯಾನ. ಒಮ್ಮೊಮ್ಮೆ ತಪ್ಪತಾನ" ಎಂದು, ಕುಡಿಕೆಯನ್ನು ಮತ್ತೆ ಅಲಮಾರಿಯಲ್ಲೇ ಇಟ್ಟು ಕೀಲಿ ಹಾಕಿದರು.

ಆ ಸಂಜೆಯೇ ಅವರು ಬಜಾರಿನ ನಮ್ಮ ಕಿರಾಣಿ ಅಂಗಡಿಗೆ ಬಂದರು. ನಮ್ಮೂರಲ್ಲಿ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಲು ಲಿಂಗಸುಗೂರಿಗೆ ಹೋಗಬೇಕು. ಹುಡುಗಿಯನ್ನು ಕಳಿಸಿದವರು ಊರಲ್ಲಿ ಯಾರೂ ಇರಲಿಲ್ಲ.

"ಈಕಿನ್ನ ಮುಂದ ಓದಸ್ರಿ" ಎಂದರು ಮಾಸ್ತರರು. "ತಪಾಸಣಿಗೆ ಸಾಹೇಬ್ರು ಬರ್ತಾರ. ಈಕಿನ್ನ ಅವರ ಮುಂದ ನಾ ನಿಂದರಿಸ್ತೀನಿ."

ಅಪ್ಪ ತಕ್ಕಡಿ ಕೆಳಗಿಟ್ಟ. "ಸಾಹೇಬ್ರು ಶಾಣ್ಯಾಕಿ ಅಂದ್ರ ಕಳಿಸ್ತೀನ್ರಿ. ನಮ್ಮ ತಂಗಿ ಮನಿ ಅಲ್ಲೇ ಐತಿ."

ತಪಾಸಣೆಯ ದಿನ ಊರಿನ ಹಿರಿಯರೆಲ್ಲ ಶಾಲೆಗೆ ಬಂದಿದ್ದರು, ಅಪ್ಪನೂ ಇದ್ದ. ಸಾಹೇಬರು ನನ್ನಿಂದ ಪದ್ಯ ಓದಿಸಿದರು, ಲೆಕ್ಕ ಕೇಳಿದರು. ತಲೆಯಾಡಿಸುತ್ತಿದ್ದರು. ಆಮೇಲೆ ವಿಜ್ಞಾನದ ಪುಸ್ತಕ ತೆರೆದು, ಬೀಜ ಮೊಳೆಯಲು ಏನೇನು ಬೇಕು ಎಂದರು.

"ನೀರು, ಗಾಳಿ, ಬೆಚ್ಚಗಿನ ಜಾಗ ರೀ."

"ಮತ್ತ ಬೆಳಕು?"

"ಮೊಳಿಯಾಕ ಬೇಕಾಗಿಲ್ರಿ. ಹಸರಾಗಾಕ ಬೇಕ್ರಿ. ನಾವು ನೋಡೀವ್ರಿ."

ಸಾಹೇಬರ ಬೆರಳು ಪುಟದ ಮೇಲೆಯೇ ಇತ್ತು. ಅವರು ಮಾಸ್ತರರ ಕಡೆ ತಿರುಗಿದರು. "ಏನ್ರಿ, ಕಿತಾಬಿಗೆ ಉಲ್ಟಾ ಕಲಿಸಾಕತ್ತೀರೇನು?"

ನಾನೂ ಮಾಸ್ತರರ ಕಡೆ ತಿರುಗಿದೆ. ನನಗೆ ಭಯವೇ ಇರಲಿಲ್ಲ. ಈಗ ಅಲಮಾರಿ ತೆಗೆಯುತ್ತಾರೆ, ಸಾಹೇಬರು ಬೆಪ್ಪಾಗುತ್ತಾರೆ ಎಂದು ಒಳಗೊಳಗೇ ನಗು ಬರುತ್ತಿತ್ತು. ಮಾಸ್ತರರು ಅಲಮಾರಿಗೆ ಬೆನ್ನು ಹಚ್ಚಿ ನಿಂತಿದ್ದರು.

"ಇಲ್ರಿ ಸಾಹೇಬ್ರ. ಕಿತಾಬಿನ್ಯಾಗ ಇದ್ದದ್ದನ್ನ ಕಲಿಸೀನ್ರಿ. ಈ ಹುಡುಗಿ ಮನ್ಯಾಗ ಘಟ ನೋಡಿ ಏನೇನೋ ಹೇಳಾಕತ್ಯಾಳ."

"ಅಲಮಾರ್ಯಾಗ ಕುಡಿಕಿ ಐತ್ರಿ!" ಎಂದು ಚೀರಿದೆ.

"ಸುಮ್ ಕುಂದ್ರು" ಎಂದರು ಮಾಸ್ತರರು. ಕೈ ಜೇಬಿಗೆ ಹೋಗಲಿಲ್ಲ.

ಸಾಹೇಬರು ಪುಸ್ತಕ ಮುಚ್ಚಿ, "ಹುಡುಗಿಗೆ ಮಾತು ಭಾಳ" ಎಂದು ಅಪ್ಪನಿಗೆ ಕೇಳುವಂತೆ ಹೇಳಿದರು. ಮುಗಿಯಿತು.

ಮಾಸ್ತರರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಅದು ಸಾಹೇಬರ ಕೈಯಲ್ಲಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಅಂಜಿದವರು ಸುಮ್ಮನಿರಬಹುದಿತ್ತು. ನನ್ನನ್ನು ಸುಳ್ಳಿ ಮಾಡಬೇಕಾಗಿರಲಿಲ್ಲ.

ಮನೆಗೆ ಬಂದು ಅಪ್ಪನ ಬೆನ್ನು ಬಿದ್ದೆ. "ವರ್ಷಾ ವರ್ಷಾ ನೀನ ಬಿತ್ತತೀ. ಕತ್ತಲಾಗ ಬರೂದು ನೀ ನೋಡಿಲ್ಲೇನು?"

"ನೋಡೀನಿ ಯವ್ವಾ. ಆದ್ರ ಅದು ದೇವಿ ಬೆಳಸಿದ್ದು. ಬೀಜ ತಾನ ಬೆಳದದ್ದಲ್ಲ. ಅದನ್ನ ಹೋಗಿ ಸಾಲ್ಯಾಗ ಹೇಳ್ತಾರೇನು?"

"ಮಾಸ್ತರ ಅಲಮಾರ್ಯಾಗೂ ದೇವಿ ಇದ್ಲೇನು?"

"ಮಾಸ್ತರ್ರು ಇಲ್ಲ ಅಂದ್ರಲ್ಲ, ಮತ್ತೇನು ಹಟ ನಿಂದು?" ಎಂದು ಅಪ್ಪ ಉಣ್ಣಲು ಎದ್ದ. ಮಗಳ ಕಣ್ಣಿಗಿಂತ, ತನ್ನ ಕಣ್ಣಿಗಿಂತಲೂ ಅವನಿಗೆ ಮಾಸ್ತರರ ಮಾತು ದೊಡ್ಡದಾಗಿತ್ತು. ನಾನು ರೊಟ್ಟಿ ಬಡಿಯುವುದನ್ನು ಕಲಿತೆ.

ಮುಂದಿನ ವರ್ಷ ಮಾಸ್ತರರ ನೌಕರಿ ಕಾಯಂ ಆಯಿತು, ಲಿಂಗಸುಗೂರಿಗೆ ವರ್ಗವೂ ಆಯಿತು. ಆ ವರ್ಷ ನನ್ನ ತಮ್ಮ ನಾಲ್ಕನೆಯದು ಮುಗಿಸಿದ್ದ. ಅವನನ್ನು ಅಲ್ಲಿ ಓದಿಸಲು ಅಪ್ಪ ಯಾರನ್ನೂ ಕೇಳಲಿಲ್ಲ. ಹೊರಡುವ ದಿನ ಮಾಸ್ತರರು ಮನೆಗೆ ಬಂದರು. ಅವರಿಬ್ಬರ ಬುತ್ತಿ ಕಟ್ಟಿದವಳು ನಾನೇ.

"ಇವನ್ನ ನಿಮ್ಮ ಕೈಯಾಗ ಹಾಕೀನ್ರಿ" ಎಂದ ಅಪ್ಪ. "ಇಬ್ರೂ ಮಾಸ್ತರ್ರ ಕಾಲಿಗೆ ಬೀಳ್ರಿ."

ತಮ್ಮ ಬಿದ್ದ. ನಾನು ಬುತ್ತಿಯ ಗಂಟು ಹಿಡಿದುಕೊಂಡು ನಿಂತೇ ಇದ್ದೆ. ಅಪ್ಪ ಎರಡನೆಯ ಸಲ ಹೇಳಿದ. ನಾನು ಅಲುಗಲಿಲ್ಲ.

"ಈಕಿ ಮೊದಲಿಂದಾನೂ ಹಿಂಗ ನೋಡ್ರಿ" ಎಂದು ಅಪ್ಪ ನಕ್ಕ. ಮಾಸ್ತರರು ನಗಲಿಲ್ಲ. ನನ್ನ ಕೈಯಿಂದ ಗಂಟು ತೆಗೆದುಕೊಳ್ಳಲೂ ಇಲ್ಲ. ತಲೆ ತಗ್ಗಿಸಿ, ತಮ್ಮನ ಟ್ರಂಕನ್ನು ತಾವೇ ಹೊತ್ತುಕೊಂಡು ಬಸ್ಸಿನ ಕಡೆ ಹೊರಟುಬಿಟ್ಟರು.