ಟೈಪಿಸ್ಟ್ ಅಮ್ಮ ಮಾಡಿದ ಒಂದೇ ತಪ್ಪು

ಅವರ ಬಲಗೈ ತೋರುಬೆರಳಿನ ಉಗುರು ಅರ್ಧಕ್ಕೆ ಸೀಳಿತ್ತು. ಆ ಸೀಳಿನಲ್ಲಿ ಕಾರ್ಬನ್ ಕಾಗದದ ಮಸಿ ಕೂತು ನೀಲಿ ಗೆರೆಯಾಗಿತ್ತು; ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಯೂನಿವರ್ಸಿಟಿಗೆ ಸೇರಿದ ಕಾಲೇಜೊಂದರಲ್ಲಿ ಕಸ ಗುಡಿಸಿ ನೀರು ತುಂಬುವ ಕೆಲಸ ನನ್ನದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವರು ಆಫೀಸಿನ ಟೈಪಿಸ್ಟ್, ಎಲ್ಲರಿಗೂ ಟೈಪಿಸ್ಟ್ ಅಮ್ಮ. ಹಳೇಬೀಡಿನ ಜೈನರ ಮನೆಯವರು, ಮದುವೆಯಾಗಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಹಾಗಾಗಿ ಐದು ಗಂಟೆಗೆ ಮೆಷೀನಿಗೆ ಗವಸು ಹಾಕಿ ಎದ್ದುಬಿಡುವರು. ಸಿಡುಕು ಜಾಸ್ತಿ. ನಾನು ಗುಡಿಸಿದ ಜಾಗವನ್ನು ಬಗ್ಗಿ ನೋಡಿ, ಮೂಲೆ ಬಿಟ್ಟಿದ್ದೀಯ ಅನ್ನುವರು. ಬಿಟ್ಟಿರುತ್ತಿದ್ದೆ. ಅವರ ಕೆಲಸದಲ್ಲಿ ಮಾತ್ರ ತಪ್ಪು ಹುಡುಕುವ ಹಾಗಿರಲಿಲ್ಲ. ಅವರು ಟೈಪ್ ಮಾಡಿದ ಕಾಗದಕ್ಕೆ ಪ್ರಿನ್ಸಿಪಾಲರು ಓದದೆ ಸಹಿ ಹಾಕುತ್ತಿದ್ದರು.

ವರ್ಷಕ್ಕೊಂದು ಸಲ ಯೂನಿವರ್ಸಿಟಿಯಿಂದ ಸುತ್ತೋಲೆ ಬರುತ್ತಿತ್ತು: ನೌಕರರು ಒಂದು ದಿನದ ಸಂಬಳವನ್ನು ಸುತ್ತಮುತ್ತಲಿನ ಧರ್ಮಾರ್ಥ ಸಂಸ್ಥೆಗಳಿಗೆ ಕೊಡಿ ಎಂದು. ಕಡ್ಡಾಯವೇನಲ್ಲ. ಆದರೆ ಪಟ್ಟಿ ಹಿಡಿದು ಹೊರಡುತ್ತಿದ್ದವರು ಟೈಪಿಸ್ಟ್ ಅಮ್ಮ. ಗಣಿತದ ಮೇಷ್ಟ್ರೊಬ್ಬರು ಪ್ರತಿ ವರ್ಷ ಲೈಬ್ರರಿಯ ಬೀರುವಿನ ಹಿಂದೆ ಅಡಗುವರು. ಇವರು ಅಲ್ಲೇ ಸ್ಟೂಲು ಎಳೆದುಕೊಂಡು ಕೂತು, "ಟೀ ಆರ್ತಾ ಇದೆ ಸಾರ್, ಸಹಿ ಹಾಕಿ ಹೋಗಿ ಕುಡೀರಿ" ಅನ್ನುವರು. ಆ ದುಡ್ಡಿನಲ್ಲಿ ಬೇಲೂರಿನ ಒಂದು ವೃದ್ಧಾಶ್ರಮಕ್ಕೆ ಅಕ್ಕಿ, ನಮ್ಮೂರ ಅನಾಥ ಮಕ್ಕಳ ಹಾಸ್ಟೆಲಿಗೆ ಕಂಬಳಿ ಹೋಗುತ್ತಿತ್ತು.

ಆ ಹಾಸ್ಟೆಲಿನಲ್ಲಿ ನನ್ನ ಮಗಳಿದ್ದಳು. ಗಂಡ ಸತ್ತ ಮೇಲೆ ನನ್ನ ಕೂಲಿಯಲ್ಲಿ ಇಬ್ಬರ ಹೊಟ್ಟೆ ತುಂಬಲಿಲ್ಲ. ವಾರ್ಡನ್ ಕಾಲು ಹಿಡಿದು ಸೇರಿಸಿದ್ದೆ. ಕಾಲೇಜಿನಲ್ಲಿ ಮಾತ್ರ, ಮಗಳು ಕಣಕಟ್ಟೆಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ ಎಂದು ಹೇಳಿಕೊಂಡಿದ್ದೆ. ತಾಯಿ ಬದುಕಿರುವಾಗಲೇ ಮಗು ಅನಾಥರ ಪಂಕ್ತಿಯಲ್ಲಿ ಕೂತಿದೆ ಅನ್ನಲು ನಾಲಿಗೆ ಏಳಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮಾರನೇ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಅವರಿಗೆ ಕಂಬಳಿಯನ್ನು ಕಾಲೇಜಿನಲ್ಲೇ ಸಮಾರಂಭ ಮಾಡಿ ಹಂಚುವ ಆಸೆ. ಹಾಸನದಿಂದ ಅಧಿಕಾರಿ ಬರಬೇಕು, ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಈಸಿಕೊಳ್ಳಬೇಕು, ಫೋಟೋ ತೆಗೆಯಬೇಕು. ಈ ಸುದ್ದಿ ಹಾಸ್ಟೆಲಿಗೂ ಮುಟ್ಟಿತ್ತು. ಭಾನುವಾರ ನೋಡಲು ಹೋದಾಗ ಮಗಳು ಕೇಳಿದಳು. ಅವಳಿಗೆ ಆಗ ಹನ್ನೊಂದು.

"ಅವ್ವ, ನೀನು ಅಲ್ಲೇ ಇರ್ತೀಯ. ನಾನು ನಿನ್ನ ಕಡೆ ನೋಡ್ಲಾ, ನೋಡ್ದೇ ಇರ್ಲಾ?"

ಮಾರನೇ ದಿನ, ನಮ್ಮಂಥವರ ರಜ ಬರೆದುಕೊಳ್ಳುತ್ತಿದ್ದ ಟೈಪಿಸ್ಟ್ ಅಮ್ಮನ ಹತ್ತಿರ ಹೋಗಿ ಸಮಾರಂಭದ ದಿನ ರಜ ಕೇಳಿದೆ. ಜ್ವರ ಬಂದರೂ ರಜ ಕೇಳಿದವಳಲ್ಲ. ಯಾಕೆ ಎಂದರು. ಸುಳ್ಳು ಹೇಳಲೆಂದು ಹೋದವಳು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

"ನಾನೇನೋ ಮರೆಯಾಗ್ತೀನಿ ಅಮ್ಮಾರೇ. ಅವಳು ಹತ್ಲೇಬೇಕಲ್ಲ," ಎಂದೆ.

ಅವರು ಅಯ್ಯೋ ಅನ್ನಲಿಲ್ಲ. "ರಜ ಗಿಜ ಇಲ್ಲ. ಆವತ್ತು ಕುರ್ಚಿ ಹಾಕೋರ್ಯಾರು? ಹೋಗು," ಎಂದರು. ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಗುರುವಾರ ಅಧಿಕಾರಿ ಬಂದರು. ಮೇಜಿನ ಮೇಲೆ ಕಂಬಳಿ ಪೇರಿಸಿತ್ತು. ಮೂರು ಗಂಟೆಯಾಯಿತು, ಮೂರೂವರೆಯಾಯಿತು, ಮಕ್ಕಳ ಸುಳಿವಿಲ್ಲ. ಸೈಕಲ್ಲಿನಲ್ಲಿ ಓಡಿದ ಜವಾನ ಕಾಗದ ಹಿಡಿದು ವಾಪಸು ಬಂದ. ಮಂಗಳವಾರ ಟೈಪಿಸ್ಟ್ ಅಮ್ಮ ಟೈಪ್ ಮಾಡಿ ಹಾಸ್ಟೆಲಿಗೆ ಕಳಿಸಿದ ಪತ್ರದಲ್ಲಿ ಶುಕ್ರವಾರ ಎಂದಿತ್ತು, ಮಕ್ಕಳೆಲ್ಲ ಸ್ಕೂಲಿನಲ್ಲಿದ್ದರು. ಅಧಿಕಾರಿ ಗಡಿಯಾರ ನೋಡಿಕೊಂಡು ಜೀಪು ಹತ್ತಿದರು.

ಪ್ರಿನ್ಸಿಪಾಲರು ಎಲ್ಲರೆದುರು ಕೂಗಾಡಿದರು. ಕಣ್ಣು ಕಾಣದಿದ್ದರೆ ಕೆಲಸ ಬಿಟ್ಟು ಹೋಗಿ ಎಂದರು. ಟೈಪಿಸ್ಟ್ ಅಮ್ಮ, "ನನ್ನ ತಪ್ಪು ಸಾರ್. ಕಂಬಳಿ ನಾನೇ ಮುಟ್ಟಿಸಿ ಬರ್ತೀನಿ," ಎಂದಷ್ಟೇ ಹೇಳಿದರು.

ಜಟಕಾದಲ್ಲಿ ಕಂಬಳಿ ತುಂಬಿಕೊಂಡು ಇಬ್ಬರೂ ಹೋದೆವು. ದಾರಿಯಲ್ಲಿ ನಾನು, "ಅಮ್ಮಾರೇ, ನೀವು ಬೇಕಂತ್ಲೇ..." ಎಂದು ಬಾಯಿ ತೆಗೆದೆ.

"ಕಂಬಳಿ ಜಾರ್ತಾ ಇದೆ, ಹಿಡ್ಕೋ," ಎಂದರು.

ಮಕ್ಕಳು ಬರುವ ಮೊದಲೇ ಒಂದೊಂದು ಹಾಸಿಗೆಯ ಮೇಲೆ ಒಂದೊಂದು ಇಡುವಂತೆ ವಾರ್ಡನ್‌ಗೆ ಹೇಳಿದರು. ನಾವೇ ಇಟ್ಟೆವು. ನನ್ನ ಮಗಳ ಹಾಸಿಗೆ ಯಾವುದೆಂದು ಅವರು ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಮಾರನೇ ದಿನ ಅವರಿಗೆ ಮೆಮೊ ಬಂತು. ಆಫೀಸಿನಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲವಾದ್ದರಿಂದ ಅದನ್ನು ಅವರೇ ಟೈಪ್ ಮಾಡಿದರು, ಮೂರು ಪ್ರತಿ. ಗುಮಾಸ್ತರು ಮುಸಿಮುಸಿ ನಕ್ಕರು. ಆ ವರ್ಷ ಅವರ ಇನ್‌ಕ್ರಿಮೆಂಟ್ ನಿಂತಿತೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಜವಾನನಿಂದ. ಮುಂದಿನ ವರ್ಷಗಳಲ್ಲಿ ಸಮಾರಂಭದ ಮಾತನ್ನು ಯಾರೂ ಎತ್ತಲಿಲ್ಲ. ಕಂಬಳಿ ನೇರ ಹಾಸ್ಟೆಲಿಗೇ ಹೋಯಿತು.

ರಿಟೈರಾಗಿ ಅವರು ಹಳೇಬೀಡಿಗೆ ಹೋದರು. ಒಂದು ಸಲ ಬಸ್ಸು ಹತ್ತಿ ನೋಡಲು ಹೋಗಿದ್ದೆ. ಆ ಗುರುವಾರದ ಮಾತು ತೆಗೆದರೆ, ಮಗಳು ಎಷ್ಟರವರೆಗೆ ಓದಿದಳು ಎಂದು ಕೇಳಿ ಮಾತು ತಿರುಗಿಸಿದರು. ಟೀಚರ್ ಟ್ರೈನಿಂಗಿಗೆ ಸೇರಿದ್ದಾಳೆ ಎಂದೆ. ಹೂಂ ಅಂದರು. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಾರ್ಡನ್ ದಿನ ಮರೆತದ್ದು ತನ್ನ ಅದೃಷ್ಟ ಎಂದು ಮಗಳು ಇವತ್ತಿಗೂ ತನ್ನ ಮಕ್ಕಳಿಗೆ ಹೇಳುತ್ತಾಳೆ. ವಾರ್ಡನ್ ಏನೂ ಮರೆತಿರಲಿಲ್ಲ. ಇದ್ದಾಗ ಹೇಳಿದ್ದರೆ ಆ ಅಮ್ಮ ನನ್ನನ್ನು ಬೈಯುತ್ತಿದ್ದರು. ಈಗ ಬೈಯಲು ಅವರಿಲ್ಲ. ಅದಕ್ಕೇ ಬರೆದೆ.