ಸೆರಗಿಗೆ ಜೋತುಬಿದ್ದ ಬಾವಲಿ

ನನ್ನ ಗಂಡ ಮೆಲ್ಲಗೆ ಮಾತಾಡಿದ್ದನ್ನು ಮದುವೆಯಾದ ಮೇಲೆ ನಾನು ಕೇಳಿಯೇ ಇರಲಿಲ್ಲ. ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ಅವರ ಹಗಲೆಲ್ಲ ಕಳೆಯುತ್ತದೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕು. ಆ ರೂಢಿ ಮನೆಗೂ ಬಂದಿದೆ. ಇವರು ನನಗೆ "ಚಾ ಇಡು" ಅಂದರೆ ಪಕ್ಕದ ಮನೆಯ ಆಪಾ ಒಲೆ ಹಚ್ಚುತ್ತಾಳೆ ಎಂದು ನಮ್ಮ ಓಣಿಯಲ್ಲಿ ನಗುತ್ತಾರೆ.

ಹೋದ ಚಳಿಗಾಲದಲ್ಲಿ ಪ್ರೆಸ್ಸು ಕೆಟ್ಟು ರಿಪೇರಿಗೆ ಹೋಯಿತು. ಬಿಡುವು ಸಿಕ್ಕ ಖುಷಿಯಲ್ಲಿ ಇವರು ಫೋನು ಹಿಡಿದುಕೊಂಡು ಅಡುಗೆಮನೆಗೇ ಬಂದರು.

"ಇಲ್ಲಿ ನೋಡ! ಕರ್ನೂಲ್ ದಾಟಿ ಹೋದ್ರ ಒಂದು ಗವಿ ಐತಿ. ನೆಲದ ಹೊಟ್ಟಿಯೊಳಗ ಇಳದು ಹೋಗೂದು. ಒಳಗ ಲೈಟ್ ಹಾಕ್ಯಾರ. ಬಾವಲಿ ಅದಾವಂತ, ಥಂಡಿಯೊಳಗ ಕಲ್ಲಿಗೆ ಅಂಟಿಕೊಂಡು ಮಲಗಿರ್ತಾವಂತ. ಹೋಗೂಣೇನು?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ನಮ್ಮ ಪ್ರಯಾಣವೆಲ್ಲ ಊರಿನ ಕಡೆಗೇ, ಮದುವೆಗೋ ಮಣ್ಣಿಗೋ. ಸುಮ್ಮನೆ ನೋಡಿ ಬರುವುದಕ್ಕೆಂದು ನಾವಿಬ್ಬರೂ ಎಲ್ಲಿಗೂ ಹೋದವರಲ್ಲ. "ಹೋಗೂಣ್ರಿ" ಅಂದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಆಪಾ ಕೂಗಿದಳು: "ನಾನೂ ಬರ್ತೀನಿ! ನಮ್ಮವರ ಗಾಡಿ ಖಾಲಿ ಐತಿ!"

ಓಣಿಯವರೆಲ್ಲ ಅಕ್ಕ ಎನ್ನುವ ಹಾಗೆ ಆಪಾ ಎಂದು ಕರೆಯುವ ಅವಳು ಬೀದರಿನವಳು, ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಅವಳ ಗಂಡ ಬಾಡಿಗೆ ಕಾರು ಓಡಿಸುತ್ತಾರೆ. ಹೀಗೆ ಮರುದಿನ ಬೆಳಕು ಹರಿಯುವ ಮೊದಲೇ ನಾವು ನಾಲ್ವರೂ ಹೊರಟೆವು. ನಾನು ಪುಟ್ಟ ಹುಡುಗಿಯ ಹಾಗೆ ಕಿಟಕಿಗೆ ಮುಖ ಹಚ್ಚಿ ಕೂತಿದ್ದೆ. ಹಾದಿಯುದ್ದಕ್ಕೂ ಆಪಾಳದ್ದು ಒಂದೇ ಚಿಂತೆ: ಬಾವಲಿ ತಲೆಗೂದಲಿಗೆ ಸಿಕ್ಕಿಹಾಕಿಕೊಂಡರೆ ಕತ್ತರಿಸಿಯೇ ಬಿಡಿಸಬೇಕಂತೆ, ಅವಳ ಅಜ್ಜಿ ಹೇಳಿದ್ದಳಂತೆ. ನಾನು ನಕ್ಕೆ. ಆದರೂ ಗವಿಯ ಬಾಗಿಲಿಗೆ ಬಂದಾಗ ನನ್ನ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದುಕೊಂಡೆ.

ಬಯಲಿನ ನಡುವೆ ದೊಡ್ಡ ಬಾವಿಯಂಥ ಕುಳಿ. ಅದರೊಳಕ್ಕೆ ಮೆಟ್ಟಿಲು. ಆಪಾಳ ಗಂಡ "ಮೈ ನಹೀ ಆತೂಂ ಬಾಬಾ, ನೀವು ಹೋಗಿ ಬರ್ರಿ" ಎಂದು ಕಾರಿನ ಸೀಟು ಹಿಂದಕ್ಕೆ ಚಾಚಿ ಮಲಗಿದರು. ನಾವು ಮೂವರು ಖಾಕಿ ಅಂಗಿಯ ಗೈಡ್ ಒಬ್ಬನ ಹಿಂದೆ ಇಳಿದೆವು.

ಒಳಗೆ ತಂಪಿರುತ್ತದೆ ಎಂದುಕೊಂಡಿದ್ದೆ. ಇಲ್ಲ, ಬೆವರು ಕಿತ್ತುಕೊಂಡು ಬಂತು. ಆದರೆ ಏನು ಗವಿ ಅದು! ಹಳದಿ ದೀಪದಲ್ಲಿ ಕಲ್ಲು ಪರದೆಯ ಹಾಗೆ ಮಡಿಕೆಮಡಿಕೆಯಾಗಿ ಇಳಿಬಿದ್ದಿತ್ತು. ಒಂದು ಕಡೆ ಬಗ್ಗಿ ನುಸುಳಬೇಕು, ಮುಂದೆ ಹೋದರೆ ಮದುವೆ ಮಂಟಪದಷ್ಟು ಅಗಲ. ಇವರು ಕಲ್ಲು ಸವರಿ ಸವರಿ ನೋಡಿದರು. "ನಮ್ಮ ಶಹಾಬಾದ್ ಪರಸಿ ಕಲ್ಲು ಇದ್ದಂಗ ಐತಲ್ಲೇ!" ಎಂದು ಕೂಗಿದರು. ಆ ಕೂಗು ಗವಿಯ ಯಾವ ಯಾವ ಸಂದಿಗೋ ಹೋಗಿ ತಿರುಗಿ ಬಂತು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಮ್ಮೆ ಕೂಗಿದರು.

ಕೊನೆಯ ತಿರುವಿನಲ್ಲಿ ಗೈಡ್ ನಿಂತ. ಮುಂದಿನ ಕೋಣೆಯಲ್ಲಿ ಬಾವಲಿಗಳಿವೆ, ಅಲ್ಲಿ ದೊಡ್ಡ ದೀಪ ಇಲ್ಲ, ಮಾತೂ ಇಲ್ಲ ಎಂದು ತೆಲುಗಿನಲ್ಲಿ ಹೇಳಿದ. ಹಿಮ ಬೀಳುವ ದೇಶಗಳ ಬಾವಲಿಗಳ ಹಾಗೆ ಇವು ತಿಂಗಳುಗಟ್ಟಲೆ ಮಲಗುವುದಿಲ್ಲವಂತೆ. ಆದರೂ ಚಳಿಗಾಲದಲ್ಲಿ ಹುಳ ಕಡಿಮೆಯಾದಾಗ ಹಗಲೆಲ್ಲ ಮೈ ತಣ್ಣಗೆ ಮಾಡಿಕೊಂಡು, ಉಸಿರು ನಿಧಾನ ಮಾಡಿಕೊಂಡು ಮಂಪರಿನಲ್ಲಿರುತ್ತವಂತೆ. ಸದ್ದಿಗೆ ಎಚ್ಚರವಾದರೆ ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬು ಸುಮ್ಮನೆ ಕರಗಿಹೋಗುತ್ತದಂತೆ.

ನಾನು ಇವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟೆ. ಇವರು ತಲೆಯಾಡಿಸಿದರು. ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದೆ ಹೆಗಲ ಮೇಲಿನ ಟವೆಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡರು.

ಆ ಕೋಣೆ ಮಾತ್ರ ತುಸು ತಂಪಾಗಿತ್ತು. ಒಳಗೆ ಒಂದೇ ಒಂದು ಮಂಕು ಕೆಂಪು ದೀಪ. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೋಡಿದರೆ ತಲೆಯ ಮೇಲಿನ ಕಲ್ಲಿಗೆ ಯಾರೋ ಹುಣಸೆಹಣ್ಣಿನ ಉಂಡೆಗಳನ್ನು ಸಾಲಾಗಿ ಮೆತ್ತಿಟ್ಟ ಹಾಗಿತ್ತು. ಒಂದೊಂದೂ ಒಂದೊಂದು ಜೀವ! ಆಪಾ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದಳು.

ಆಗ ಮೇಲಿನ ಒಂದು ಉಂಡೆ ಅಲ್ಲಾಡಿತು. ಪಟ್ಟನೆ ಕಳಚಿಕೊಂಡಿತು. ರೆಕ್ಕೆ ಪೂರ್ತಿ ಬಿಚ್ಚಲಾಗದೆ ಓರೆಯಾಗಿ ಇಳಿದು, ನನ್ನ ಎದೆಯ ಮುಂದೆ ಇಳಿಬಿದ್ದಿದ್ದ ಸೆರಗಿಗೆ ಬಂದು ಜೋತುಬಿತ್ತು.

ಆಪಾ ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡಳು. ಗೈಡ್ ಪಿಸುಗುಟ್ಟಿದ: "ಅಮ್ಮಾ, ಕದಲಕಂಡಿ. ಚೆಯ್ಯಿ ಪೆಟ್ಟಕಂಡಿ." ಅಲ್ಲಾಡಬೇಡಿ, ಕೈ ಹಚ್ಚಬೇಡಿ. ಸೆರಗನ್ನು ಮೈಯಿಂದ ತುಸು ದೂರ ಹಿಡಿಯುವಂತೆ ಸನ್ನೆ ಮಾಡಿದ. ನಾನು ಎರಡು ಬೆರಳಲ್ಲಿ ಸೆರಗಿನ ಅಂಚು ಹಿಡಿದು ಮುಂದಕ್ಕೆ ಚಾಚಿ ನಿಂತೆ.

ಅದು ನಡುಗುತ್ತಿತ್ತು. ಬಟ್ಟೆಯ ಮೂಲಕ ಆ ನಡುಕ ನನ್ನ ಬೆರಳಿಗೂ ಬರುತ್ತಿತ್ತು. ಪಾಪ, ನನಗಿಂತ ಅದಕ್ಕೇ ಹೆದರಿಕೆ ಎಂದುಕೊಂಡೆ. ಹೆದರಿಕೆಯಲ್ಲ, ಹಾರುವುದಕ್ಕೆ ಮೈ ಬಿಸಿ ಮಾಡಿಕೊಳ್ಳುತ್ತಿದೆ ಎಂದು ನನ್ನ ಮುಖ ನೋಡಿ ಗೈಡ್ ಮೆಲ್ಲಗೆ ಹೇಳಿದ. ಅದು ತಲೆ ಎತ್ತಿತು. ಇಲಿಮರಿಯಂಥ ಮುಖ, ಮುಖಕ್ಕೆ ಮೀರಿದ ಕಿವಿ, ಎಳ್ಳುಕಾಳಿನಂಥ ಕಣ್ಣು. ಇಷ್ಟು ಚಿಕ್ಕ ಪ್ರಾಣಿಗೆ ನಾವು ಇಷ್ಟು ಹೆದರುತ್ತೇವಲ್ಲ ಎನ್ನಿಸಿ ನಗು ಬಂತು.

ತೋಳು ಸೋಲತೊಡಗಿತು. ಬೆರಳು ಜಾರಿದರೆ ಸೆರಗಿನ ಜೊತೆ ಅದೂ ನನ್ನ ಮೈಮೇಲೆ ಬೀಳುತ್ತದೆ. ಅಷ್ಟರಲ್ಲಿ ಇವರು ನನ್ನ ಬೆನ್ನ ಹಿಂದೆ ಬಂದು, ನನ್ನ ಮೊಳಕೈ ಕೆಳಗೆ ತಮ್ಮ ಅಂಗೈ ಕೊಟ್ಟು ಭಾರ ಹೊತ್ತರು. ಬಾಯಿಂದ ಟವೆಲು ತೆಗೆದದ್ದು ಗೊತ್ತಾಯಿತು. ಈಗ ಕೂಗಿಯೇಬಿಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ.

"ಅಂಜಬ್ಯಾಡ," ಅಂದರು ಕಿವಿಯ ಹತ್ತಿರ, ಉಸಿರಿನಷ್ಟು ಸಣ್ಣ ದನಿಯಲ್ಲಿ. "ನಾ ಹಿಡದೀನಿ."

ಆ ದನಿ ಇವರಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ. ಬಾವಲಿಗಿಂತ ಅದಕ್ಕೇ ನನ್ನ ಕಣ್ಣು ತುಂಬಿತು.

ಬಾವಲಿ ಸೆರಗಿನ ಅಂಚಿನ ತನಕ ತೆವಳಿ, ರೆಕ್ಕೆ ಬಿಚ್ಚಿ ಒಮ್ಮೆ ಬಡಿಯಿತು. ಮುಖಕ್ಕೆ ಗಾಳಿ ತಾಕಿತು. ಅಷ್ಟೆ, ಹಾರಿ ಹೋಗಿ ತನ್ನವರ ಸಾಲಿನಲ್ಲಿ ತಲೆಕೆಳಗಾಗಿ ಸೇರಿಕೊಂಡಿತು. ಅದು ಯಾವುದು, ಉಳಿದವು ಯಾವುವು ಎಂದು ಮರುಗಳಿಗೆಯೇ ತಿಳಿಯದಂತಾಯಿತು.

ಹೊರಗೆ ಬಂದದ್ದೇ ಮೂವರೂ ಒಟ್ಟಿಗೇ ಬಾಯಿ ಬಿಟ್ಟೆವು. ಯಾರ ಮಾತು ಯಾರಿಗೂ ಕೇಳಲಿಲ್ಲ. ಆಪಾ ತನ್ನ ಗಂಡನನ್ನು ಎಬ್ಬಿಸಿ, ಬಾವಲಿಯನ್ನು ಹದ್ದಿನಷ್ಟು ದೊಡ್ಡದು ಮಾಡಿ ವರ್ಣಿಸಿದಳು. ಅವರು ನನ್ನ ಮುಖ ನೋಡಿದರು. ನಾನು ಅಂಗೈ ಚಾಚಿ ತೋರಿಸಿ, ಇದರರ್ಧವೂ ಇರಲಿಲ್ಲ ಅಂದೆ.

ಸಂಜೆಗೆ ಅವು ಹೊರಗೆ ಬರುತ್ತವೆ, ಬೇಲಿಯ ಆಚೆ ನಿಂತು ನೋಡಬಹುದು ಎಂದು ಗೈಡ್ ಹೇಳಿದ್ದ. ಹೊತ್ತಾಯಿತು ಎನ್ನುತ್ತಿದ್ದ ಆಪಾಳ ಗಂಡನೂ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಬಂದು ನಿಂತರು. ಸೂರ್ಯ ಮುಳುಗಿ ಆಕಾಶ ಇನ್ನೂ ಕೇಸರಿಯಾಗಿದ್ದಾಗ ಕುಳಿಯಿಂದ ಒಂದು ಚುಕ್ಕೆ ಮೇಲೆದ್ದಿತು. ಹಿಂದೆಯೇ ನಾಲ್ಕಾರು. ಆಮೇಲೆ ಎಣಿಸುವುದೇ ಆಗಲಿಲ್ಲ. ಹೊಗೆ ಎದ್ದ ಹಾಗೆ ಸುತ್ತಿ ಸುತ್ತಿ ಮೇಲೇರಿ ಹೊಲಗಳ ಕಡೆಗೆ ಚದುರಿದವು.

"ಯಾ ಅಲ್ಲಾ!" ಅಂದರು ಆಪಾಳ ಗಂಡ. "ನಾನು ಮಲಗಿಬಿಟ್ನಲ್ಲ! ನಾಳೆ ಗವಿ ತೆರಿತಾರೇನು?"

ಆ ರಾತ್ರಿ ಯಾರೂ ಹೈದರಾಬಾದಿಗೆ ಮರಳಲಿಲ್ಲ. ಹತ್ತಿರದ ಊರಿನ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಇಡ್ಲಿ ತಿಂದು, ನಾಲ್ವರೂ ಮತ್ತೆ ಮೆಟ್ಟಿಲಿಳಿದೆವು.