ಚೀಟಿಯಲ್ಲಿ ಹದಿನಾಲ್ಕು ಮುದ್ರೆ

ಮಂಗಳವಾರ, ಬೆಳಿಗ್ಗೆ 11.20. ತಿ. ನರಸೀಪುರದ ಗ್ರಂಥಾಲಯ. ಒಂದು ಕಾದಂಬರಿ ಓದಲೆಂದು ನಂಜನಗೂಡಿನಿಂದ ಒಬ್ಬನೇ ಬಸ್ಸಿನಲ್ಲಿ ಬಂದೆ. ಬರೆದವರು ಇದೇ ಊರಿನವರು. ಗಂಡಸಾಗಿ ಗಂಡಸರನ್ನೇ ಪ್ರೀತಿಸಿದರು, ಅದನ್ನೇ ಬರೆದರು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಎರವಲು ಕೊಟ್ಟ ತಾರೀಖಿನ ಮುದ್ರೆಗಳನ್ನು ಎಣಿಸಿದೆ: ಹದಿನಾಲ್ಕು. ನನ್ನಂಥವರು ಇಲ್ಲಿ ಇಷ್ಟು ಜನ ಇದ್ದಾರಲ್ಲ ಎಂದು ಹಿಗ್ಗಿದೆ.

"ಎಲ್ಲಾ ಅವ್ರೇ ಕಣ್ರೀ, ಬರೆದೋರು," ಎಂದರು ಗ್ರಂಥಪಾಲಕರು. "ಯಾರೂ ತಗೊಂಡೋಗದ ಪುಸ್ತಕ ರದ್ದಿಗೆ ಆಕ್ತೀವಲ್ಲ, ಅದ್ಕೇ ವರ್ಷಕ್ಕೊಂದ್ಸಲ ಬಂದು ತಾವೇ ತಗೊಂಡೋಗೋರು. ಮೊನ್ನೆ ತೀರ್ಕೊಂಡ್ರು."

ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ.

"ನಂಗೊಂದು ಕಾರ್ಡ್ ಮಾಡ್ಕೊಡಿ ಸಾ," ಎಂದೆ.

ಅವರು ನನ್ನ ಹೆಸರು ಬರೆದುಕೊಂಡರು. ಮುದ್ರೆ ಎತ್ತಿದ ಕೈ ಹಾಗೇ ನಿಂತಿತು.

"ನಂಜನಗೂಡಿಂದ ವರ್ಷಾವರ್ಷ ಬತ್ತೀರಾ?"